ಅತ್ತೆ ಶ್ರುತಿ ಮಾಡಿದ ಗಿಟಾರ್

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಒಂದು ಲಾಡ್ಜಿನಲ್ಲಿ ಅಪ್ಪ ಮ್ಯಾನೇಜರ್ ಆಗಿದ್ದರು. ಮ್ಯಾನೇಜರ್ ಅಂದರೆ ಏನೋ ದೊಡ್ಡದಾಗಿ ಕೇಳಿಸುತ್ತದೆ. ಇದ್ದದ್ದು ಹತ್ತು ರೂಮು. ಬೀಗದ ಕೈ ಕೊಡುವುದು, ರಿಜಿಸ್ಟರಿನಲ್ಲಿ ಸಹಿ ಹಾಕಿಸುವುದು, ಬಿಸಿನೀರು ಬರಲಿಲ್ಲ ಎಂದು ಬೈಯುವವರಿಂದ ಬೈಸಿಕೊಳ್ಳುವುದು, ಅಷ್ಟೇ ಕೆಲಸ. ಬಂದವರು ಮರೆತು ಬಿಟ್ಟುಹೋದ ಸಾಮಾನುಗಳನ್ನೆಲ್ಲ ಅಪ್ಪ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಚೀಟಿ ಅಂಟಿಸಿ ಇಡುತ್ತಿದ್ದರು. ಕೊಡೆ, ಟವೆಲು, ಸ್ವೆಟರ್, ಒಂದು ಸಲ ಯಾರದೋ ಹಲ್ಲಿನ ಸೆಟ್ಟು. ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ಯಾರೂ ಬರದಿದ್ದರೆ ಬೇಕಾದವರಿಗೆ ಕೊಡಬಹುದು ಎನ್ನುವುದು ಅವರೇ ಮಾಡಿಕೊಂಡ ಕಾನೂನು. ಹಲ್ಲಿನ ಸೆಟ್ಟಿಗೂ ಅವರು ಒಂದು ವರ್ಷ ಕಾದಿದ್ದರು.

ಎರಡು ಸಾವಿರದ ಎರಡೋ ಮೂರೋ ಇರಬೇಕು, ಆ ಕಪಾಟಿಗೆ ಒಂದು ಗಿಟಾರ್ ಬಂತು. ಕಪ್ಪು ಚೀಲದಲ್ಲಿತ್ತು. ಯಾರೋ ನಾಲ್ಕು ಜನ ಹುಡುಗರು ಶೃಂಗೇರಿ ನೋಡಿಕೊಂಡು ಬಂದವರು, ಬೆಳಗಿನ ಮೊದಲ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಮಂಚದ ಕೆಳಗೇ ಬಿಟ್ಟು ಹೋಗಿದ್ದರು. ಅಪ್ಪ ರಿಜಿಸ್ಟರಿನಲ್ಲಿದ್ದ ವಿಳಾಸಕ್ಕೆ ಎರಡು ಕಾಗದ ಬರೆದರು. ಉತ್ತರ ಬರಲಿಲ್ಲ. ನಾನಾಗ ಡಿಗ್ರಿ ಮೊದಲ ವರ್ಷ. ದಿನಾ ಕಾಲೇಜು ಬಿಟ್ಟು ಬರುವಾಗ ಲಾಡ್ಜಿಗೆ ಹೋಗಿ, ಕಪಾಟು ತೆಗೆದು, ಚೀಲದ ಜಿಪ್ಪು ಒಂದು ಗೇಣು ಸರಿಸಿ, ಒಂದೇ ಒಂದು ತಂತಿ ಮೀಟಿ ಬರುತ್ತಿದ್ದೆ. ಆ ಒಂದು ವರ್ಷ ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ: ಆ ಹುಡುಗರಿಗೆ ಕೊಪ್ಪದ ನೆನಪೇ ಬರದಿರಲಿ.

ವರ್ಷ ತುಂಬಿದ ದಿನ ಅಪ್ಪ ಚೀಟಿ ಕಿತ್ತು, ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ತಂದರು. ಅಮ್ಮ ಬಾಗಿಲಲ್ಲೇ ತಡೆದಳು.

“ಇದೆಂತ ಮಾರಾಯ್ರೆ? ಇದನ್ನ ನುಡಿಸೋದು ಯಾರು?”

“ನಿನ್ ಮಗಳು.”

“ಅವಳಾ? ಮಣೆ ಮೇಲೆ ಕೂರ್ಸಿ ಹಾಡು ಹೇಳು ಅಂದ್ರೆ ಹಿತ್ತಲಿಗೆ ಓಡಿಹೋಗ್ತಿದ್ಲು!”

ಓಡಿಹೋಗುತ್ತಿದ್ದದ್ದು ನಿಜ. ನನಗೆ ಯಾರ ಮುಂದೆಯೂ ಹಾಡಲು ಬರುತ್ತಿರಲಿಲ್ಲ. ತಪ್ಪಿದರೆ ನಗುತ್ತಾರೆ, ನಕ್ಕರೆ ನನಗೆ ಮೈ ಉರಿಯುತ್ತದೆ. ಚಿಕ್ಕಂದಿನಿಂದ ಹಾಗೇ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಿಟಾರ್ ಆದರೆ ಬಾಯಿ ತೆರೆಯಬೇಕಾಗಿಲ್ಲ, ಕೈಯೇ ಹಾಡುತ್ತದೆ ಎನ್ನುವುದು ನನ್ನ ಲೆಕ್ಕ.

ಕಲಿಸುವವರು ಯಾರು? ಕೊಪ್ಪದಲ್ಲಿ ಭಜನೆಗೆ ಹಾರ್ಮೋನಿಯಂ ಹಿಡಿಯುವವರಿದ್ದರು, ಮದುವೆಗೆ ನಾದಸ್ವರದವರು ಸಿಗುತ್ತಿದ್ದರು. ಗಿಟಾರ್ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಂದು ಸೈಬರ್ ಕೆಫೆ ಬಂದಿತ್ತು. ಅಲ್ಲಿ ಪರೀಕ್ಷೆಯ ರಿಸಲ್ಟ್ ನೋಡುವುದು ಬಿಟ್ಟು ಬೇರೇನಾದರೂ ಮಾಡಬಹುದು ಎಂದು ನಮಗಾರಿಗೂ ಹೊಳೆದಿರಲಿಲ್ಲ. ಅಪ್ಪ ಎರಡು ದಿನ ಯೋಚನೆ ಮಾಡಿ ಮೂರನೆಯ ದಿನ ಊಟದ ಹೊತ್ತಿಗೆ ಹೇಳಿದರು:

“ತಂತಿ ಉಂಟು, ಬಿರಡೆ ಉಂಟು, ಮೆಟ್ಟು ಉಂಟು. ವೀಣೆಗೆ ಇರೋದೆಲ್ಲ ಇದಕ್ಕೂ ಉಂಟು. ಅಕ್ಕನ ಹತ್ರ ತಗೊಂಡ್ ಹೋಗು.”

ಅಕ್ಕ ಎಂದರೆ ಅಪ್ಪನ ಅಕ್ಕ, ನನ್ನ ಅತ್ತೆ. ಶೃಂಗೇರಿಯಲ್ಲಿ ಒಂದು ಓಣಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಮಾವ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಜಗಲಿಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಓಣಿಯ ಹೆಣ್ಣುಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದರು. ನಮ್ಮ ಮನೆತನದಲ್ಲಿ ಸಂಗೀತಕ್ಕೆ ಸಂಬಂಧಪಟ್ಟ ಯಾವ ಪ್ರಶ್ನೆ ಬಂದರೂ ಕೊನೆಯ ಮಾತು ಅತ್ತೆಯದೇ. ಯಾರ ಮನೆಯ ರೇಡಿಯೊ ಗೊರಗೊರ ಅಂದರೂ “ಅವಳಿಗೆ ತೋರ್ಸಿ” ಎನ್ನುವಷ್ಟು ಭಕ್ತಿ ಅಪ್ಪನಿಗೆ.

ಒಂದು ಶನಿವಾರ ಮಧ್ಯಾಹ್ನ ಕೊಪ್ಪದಿಂದ ಬಸ್ಸು ಹತ್ತಿದೆ. ಕಂಡಕ್ಟರ್ ಚೀಲ ನೋಡಿ “ಒಳಗೆ ಎಂತ, ಗರಗಸವಾ?” ಅಂದ. ಸೀಟು ಸಿಕ್ಕರೂ ಕೂರದೆ ಗಿಟಾರನ್ನು ತಬ್ಬಿಕೊಂಡು ಶೃಂಗೇರಿಯವರೆಗೂ ನಿಂತೇ ಹೋದೆ.

ಅತ್ತೆ ಚೀಲದಿಂದ ಅದನ್ನು ಎತ್ತಿ, ವೀಣೆಯ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡರು. ಹೊಟ್ಟೆಯ ತೂತಿನೊಳಗೆ ಬಗ್ಗಿ ನೋಡಿದರು. ಹಿಂದೆ ಮುಂದೆ ತಟ್ಟಿದರು. ತಂತಿ ಎಣಿಸಿದರು.

“ಆರೇ ಆರು. ವೀಣೆಗಿಂತ ಒಂದು ಕಮ್ಮಿ. ಅಡ್ಡಿಲ್ಲ.”

“ನಿಮಗೆ ಇದು ಗೊತ್ತಾ ಅತ್ತೆ?”

“ಗೊತ್ತಿಲ್ದೆ ಎಂತ? ಮರ, ತಂತಿ. ಇದಕ್ಕೆ ಬುರುಡೆ ಇಲ್ಲ, ಯಾಳಿ ಮುಖ ಇಲ್ಲ, ಅಷ್ಟೇ ವ್ಯತ್ಯಾಸ. ಪಾಪ, ಬೋಳುಬೋಳಾಗಿ ಉಂಟು.”

ಆಮೇಲೆ ಶ್ರುತಿ ಮಾಡಲು ಕೂತರು. ಅವರಿಗೆ ಗೊತ್ತಿದ್ದದ್ದು ವೀಣೆಯ ಕ್ರಮ ಒಂದೇ. ಒಂದು ತಂತಿಗೆ ಷಡ್ಜ, ಮುಂದಿನದಕ್ಕೆ ಪಂಚಮ, ಮತ್ತೆ ಷಡ್ಜ, ಮತ್ತೆ ಪಂಚಮ. ದಪ್ಪ ತಂತಿಯಿಂದ ಸಣ್ಣದರವರೆಗೆ ಸ ಪ ಸ ಪ ಪ ಸ ಎಂದು ಕೂರಿಸಿದರು. ತಮ್ಮ ವೀಣೆಯ ಎತ್ತರಕ್ಕೆ ಬಿಗಿ ಮಾಡುವಾಗ ಮೂರನೆಯ ತಂತಿ ಟಣ್ ಎಂದು ಹರಿದು ಅತ್ತೆಯ ಮುಂಗೈಗೆ ಹೊಡೆಯಿತು. ನನಗೆ ಜೀವವೇ ಹೋದಂತಾಯಿತು. ಅತ್ತೆ ಕೈ ಉಜ್ಜಿಕೊಳ್ಳುತ್ತ, “ಇದರ ಜೀವಕ್ಕೆ ನನ್ನ ಶ್ರುತಿ ಜಾಸ್ತಿ ಆತು” ಅಂದರು. ತಂತಿಯನ್ನು ಶಿವಮೊಗ್ಗದಿಂದ ತರಿಸಿದ್ದಾಯಿತು. ಮುಂದಿನ ಶನಿವಾರ ಹೋದಾಗ ಅವರು ತಮ್ಮ ವೀಣೆಯ ಶ್ರುತಿಯನ್ನೇ ಎರಡು ಮನೆ ಕೆಳಗೆ ಇಳಿಸಿ ಇಟ್ಟಿದ್ದರು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಒಂದೇ ಎತ್ತರದಲ್ಲಿದ್ದ ವೀಣೆ ಅದು. ನನಗೆ ಆಗ ಅದು ದೊಡ್ಡ ಸಂಗತಿ ಎಂದು ಅನ್ನಿಸಲೇ ಇಲ್ಲ.

ಪಾಠ ಶುರುವಾದದ್ದು ವಿಜಯದಶಮಿಯ ದಿನ. ಹಿಂದಿನ ದಿನವೇ ಪೂಜೆಗೆ ಪುಸ್ತಕಗಳ ಜೊತೆ ವೀಣೆ, ವೀಣೆಯ ಜೊತೆ ಗಿಟಾರ್ ಇಟ್ಟಿದ್ದೆವು. ಅತ್ತೆ ಎರಡಕ್ಕೂ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಮಂತ್ರ ಹೇಳಿ ಅಕ್ಷತೆ ಹಾಕಿದರು. ವೀಣೆಗೆ ಹಾಕಿದ ಅಕ್ಷತೆ ಚಾಪೆಗೆ ಬಿತ್ತು. ಗಿಟಾರಿಗೆ ಹಾಕಿದ್ದೆಲ್ಲ ಅದರ ಹೊಟ್ಟೆಯೊಳಗೆ ಹೋಯಿತು. ತಲೆಕೆಳಗು ಮಾಡಿ ಅಲ್ಲಾಡಿಸಿದರೂ ನಾಲ್ಕು ಕಾಳು ಬಂದು ಉಳಿದದ್ದು ಒಳಗೇ ಉಳಿಯಿತು. ಆಮೇಲೆ ನಾನು ಬಸ್ಸಿನಲ್ಲಿ ಹೋಗುವಾಗ ತಿರುವು ಬಂದಲ್ಲೆಲ್ಲ ಅದು ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು. ಅಪ್ಪನಿಗೆ ಹೇಳಿದರೆ, “ಒಳ್ಳೇದೇ ಆತು, ಆಶೀರ್ವಾದ ಒಳಗೇ ಇರ್ಲಿ” ಅಂದರು.

ಅತ್ತೆ ಎದುರಿಗೆ ವೀಣೆ ಇಟ್ಟುಕೊಂಡು ಕೂರುತ್ತಿದ್ದರು, ನಾನು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಒಂದೇ ತಂತಿಯ ಮೇಲೆ ಬೆರಳು ಜಾರಿಸುತ್ತ ಸರಳೆ ವರಸೆ. ಮೊದಲ ತಿಂಗಳು ಎಡಗೈಯ ಬೆರಳ ತುದಿ ಬೊಬ್ಬೆ ಬಂದು, ಒಡೆದು, ಸಾರು ತಾಗಿದರೆ ಉರಿಯುವ ಹಾಗಾಗಿತ್ತು. ಅನ್ನ ಕಲಸುವುದು ಬಲಗೈಯಲ್ಲಿ, ಸದ್ಯ, ಎಂದು ದೇವರನ್ನು ಹೊಗಳುತ್ತಿದ್ದೆ. ತಪ್ಪಿದರೆ ಅತ್ತೆ ನಗುತ್ತಿರಲಿಲ್ಲ. “ಇನ್ನೊಂದ್ಸಲ” ಅನ್ನುತ್ತಿದ್ದರು. ಹತ್ತು ಸಲ ತಪ್ಪಿದರೆ ಹತ್ತು ಸಲವೂ ಅದೇ ದನಿಯಲ್ಲಿ “ಇನ್ನೊಂದ್ಸಲ”. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಪಾಠ. ಭಾನುವಾರ ಮಧ್ಯಾಹ್ನದ ಊಟ ಮಾಡಿಸಿ, ಬಸ್ಸಿಗೆ ಕಳಿಸುತ್ತಿದ್ದರು.

ನಾಲ್ಕೈದು ತಿಂಗಳಲ್ಲಿ ಒಂದು ಗೀತೆ ಬಂತು. ನಾನು ನುಡಿಸುವುದು, ಅತ್ತೆ ನನ್ನ ಸ್ವರದ ಬೆನ್ನಿಗೇ ವೀಣೆಯಲ್ಲಿ ಬರುವುದು. ನನ್ನ ಬೆರಳು ತಡವರಿಸಿದ ಕಡೆ ಅವರ ವೀಣೆ ತುಂಬಿಕೊಡುತ್ತಿತ್ತು. ನಾನು ಸುಮ್ಮನೆ ಬಿಟ್ಟ ತಂತಿಗಳೂ ಸ ಪ ಸ ಎಂದು ತಮ್ಮಷ್ಟಕ್ಕೆ ಗುಂಯ್‌ಗುಡುತ್ತಿದ್ದವು. ಇಡೀ ಕೋಣೆಗೆ ಆ ಸದ್ದು ತುಂಬಿಕೊಂಡರೆ ನನಗೆ ಎಲ್ಲಿದ್ದೇನೆ ಎಂದೇ ಮರೆತುಹೋಗುತ್ತಿತ್ತು. ಹಾಡು ಅಂದರೆ ಹಿತ್ತಲಿಗೆ ಓಡುತ್ತಿದ್ದ ನಾನು ಬಾಗಿಲು ಹಾಕಿಕೊಳ್ಳುವುದನ್ನೂ ಬಿಟ್ಟೆ. ಓಣಿಯಲ್ಲಿ ಹೋಗುವವರು ಜಗಲಿಯ ಹತ್ತಿರ ನಿಂತು ಕೇಳಿ ಹೋಗುತ್ತಿದ್ದರು.

“ಮುಂದಿನ ನವರಾತ್ರಿಗೆ ಗೊಂಬೆ ಕೂರ್ಸಿದಾಗ ನಾವಿಬ್ರೂ ನುಡಿಸ್ಬೇಕು. ಓಣಿಯವರನ್ನೆಲ್ಲ ಕರೀತೆ. ಆಗ್ತದಾ?” ಎಂದು ಅತ್ತೆ ಕೇಳಿದರು.

“ಆಗ್ತದೆ” ಎಂದೆ. ನನಗೆ ಆ ವರ್ಷ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ.

ನವರಾತ್ರಿಗೆ ಇನ್ನು ಹದಿನೈದು ದಿನ ಇದ್ದಾಗ ನಮ್ಮ ಕಾಲೇಜಿನ ಕೆಲವು ಹುಡುಗರು ನನ್ನನ್ನು ಹುಡುಕಿಕೊಂಡು ಬಂದರು. ಯಾವುದೋ ಸ್ಪರ್ಧೆಗೆ ಸಮೂಹಗಾನದ ತಂಡ ಕಟ್ಟಿದ್ದರು. “ನಿಂಗೆ ಗಿಟಾರ್ ಬರ್ತದಂತಲ್ಲ?” ಎಂದರು. ಬರ್ತದೆ ಎಂದೆ. ಎಷ್ಟು ಜಂಬ ಬಂತೆಂದರೆ, ಆ ದಿನ ಮನೆಗೆ ನಡೆದದ್ದೇ ಗೊತ್ತಾಗಲಿಲ್ಲ. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಒಂದು ಅಂಗಡಿಯ ಮಹಡಿಯ ಮೇಲೆ ಅವರ ತಾಲೀಮು. ಕೀಬೋರ್ಡ್ ನುಡಿಸುವವನು ಒಂದು ಪುಸ್ತಕ ಬಿಡಿಸಿ ಮುಂದಿಟ್ಟ. ಯಾವ ತಂತಿಯ ಯಾವ ಮನೆಯಲ್ಲಿ ಯಾವ ಬೆರಳು ಇಡಬೇಕು ಎಂದು ಚಿತ್ರ ಬರೆದಿತ್ತು. ನಾನು ಚಿತ್ರದಲ್ಲಿದ್ದ ಹಾಗೇ ಬೆರಳಿಟ್ಟು ಆರೂ ತಂತಿ ಎಳೆದೆ.

ಅಯ್ಯೋ ದೇವರೇ, ಆ ಸದ್ದು! ಪಾತ್ರೆ ತುಂಬಿದ ಬುಟ್ಟಿ ಅಟ್ಟದಿಂದ ಬಿದ್ದ ಹಾಗೆ.

ಎಲ್ಲರಿಗೂ ನಗು ಶುರುವಾಯಿತು. ಕೀಬೋರ್ಡಿನವನು ಗಿಟಾರ್ ಇಸಿದುಕೊಂಡು ಒಂದೊಂದೇ ತಂತಿ ಮೀಟಿ ನೋಡಿ, “ಇದನ್ನ ಟ್ಯೂನ್ ಮಾಡಿದ್ದು ಯಾರು ಮಾರಾಯ್ತಿ? ಇದು ಗಿಟಾರಾ ತಂಬೂರಿಯಾ?” ಎಂದ. ಇನ್ನೊಬ್ಬ ಅದನ್ನು ಅಲ್ಲಾಡಿಸಿ, ಒಳಗೆ ಅಕ್ಕಿಕಾಳಿನ ಸದ್ದು ಕೇಳಿ, ನೆಲಕ್ಕೆ ಬಿದ್ದು ನಕ್ಕ. ಒಂದು ವರ್ಷ ಕಲಿತದ್ದು ಅವರ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ. ನನ್ನ ಬದಲು ಗೆಜ್ಜೆ ಅಲ್ಲಾಡಿಸುವ ಒಬ್ಬನನ್ನು ಸೇರಿಸಿಕೊಂಡರು.

ಅವರಿಗೆ ಅಲ್ಲೇ ನಾಲ್ಕು ಮಾತು ಬೈದು ಬಂದಿದ್ದರೆ ಈ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆ ಸಿಟ್ಟನ್ನೆಲ್ಲ ಹಾಗೇ ಹೊಟ್ಟೆಯಲ್ಲಿಟ್ಟುಕೊಂಡು ಶನಿವಾರದ ಬಸ್ಸಿನಲ್ಲಿ ಶೃಂಗೇರಿಗೆ ಒಯ್ದೆ.

ಅತ್ತೆಯ ಕೋಣೆಯಲ್ಲಿ ಆಗ ಇಬ್ಬರು ಚಿಕ್ಕ ಹುಡುಗಿಯರು ಪಾಠಕ್ಕೆ ಕೂತಿದ್ದರು. ಗೋಡೆಯ ಪಕ್ಕ ಅವರ ತಾಯಿ. ನನ್ನನ್ನು ಕಂಡು ಅತ್ತೆ, “ಬಾ ಬಾ, ಗೊಂಬೆ ಎಲ್ಲ ಒರೆಸಿ ಇಟ್ಟಿದೀನಿ ನೋಡು” ಎಂದರು. ನಾನು ಚಪ್ಪಲಿಯನ್ನೂ ಬಿಡಲಿಲ್ಲ.

“ಗಿಟಾರನ್ನ ಹೀಗೆ ಶ್ರುತಿ ಮಾಡೋದಲ್ಲ ಅತ್ತೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಹೇಳ್ಬೇಕಿತ್ತು. ಒಂದು ವರ್ಷ ನನ್ನ ಕೈಯಲ್ಲಿ ತಪ್ಪು ನುಡಿಸಿದ್ರಿ. ಎಲ್ರೂ ನಕ್ರು ನಂಗೆ. ನಿಮ್ಮಿಂದ ನಾನು ನಗೆಪಾಟಲಾದೆ.”

ಹುಡುಗಿಯರು ತಂತಿಯ ಮೇಲಿನ ಬೆರಳು ತೆಗೆಯದೆ ನನ್ನನ್ನೇ ನೋಡುತ್ತಿದ್ದರು. ಅವರ ತಾಯಿ ತಲೆ ತಗ್ಗಿಸಿದಳು. ಅತ್ತೆ “ಹೌದು. ನಂಗೆ ಗೊತ್ತಿರ್ಲಿಲ್ಲ” ಎಂದರು. ಅಷ್ಟೇ. ಒಂದು ಮಾತು ಬೈದಿದ್ದರೆ, ನಾನೂ ಇನ್ನೆರಡು ಮಾತಾಡಿ, ಅತ್ತು, ಕಾಫಿ ಕುಡಿದು ಅಲ್ಲೇ ಮಲಗುತ್ತಿದ್ದೆ. ಅವರು ಬೈಯಲಿಲ್ಲ. ನಾನು ಬಂದ ಕಾಲಲ್ಲೇ ತಿರುಗಿ ಕೊಪ್ಪದ ಬಸ್ಸು ಹತ್ತಿದೆ.

ಆ ವರ್ಷ ನವರಾತ್ರಿಗೆ ಹೋಗಲಿಲ್ಲ. ಪರೀಕ್ಷೆ ಹತ್ತಿರ ಬಂತು ಎಂದು ಹೇಳಿ ಕಳಿಸಿದೆ. ಪರೀಕ್ಷೆ ಇದ್ದದ್ದು ಇನ್ನೂ ಎರಡು ತಿಂಗಳ ಮೇಲೆ. ಅತ್ತೆಗೆ ಅದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಹಟ ಮಾತ್ರ ಬಿಡಲಿಲ್ಲ. ನರಸಿಂಹರಾಜಪುರದಲ್ಲಿ ಚರ್ಚಿನ ಹಾಡಿನವರ ಜೊತೆ ಗಿಟಾರ್ ನುಡಿಸುವವರೊಬ್ಬರು ಇದ್ದಾರೆ ಎಂದು ಲಾಡ್ಜಿಗೆ ಬಂದ ಯಾರೋ ಅಪ್ಪನಿಗೆ ಹೇಳಿದರು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಮನೆಯವರು. ಮಿಕ್ಸಿ, ಪಂಪ್‌ಸೆಟ್ ರಿಪೇರಿ ಅವರ ಕಸುಬು. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾಠ. ನಾನು ಅವರನ್ನು ಮೇಷ್ಟ್ರು ಎನ್ನುತ್ತಿದ್ದೆ, ಅವರು ನನ್ನನ್ನು ಮೋಳೆ ಎನ್ನುತ್ತಿದ್ದರು. ಮೋಳೆ ಎಂದರೆ ಮಲಯಾಳದಲ್ಲಿ ಮಗಳೇ ಎಂದು. ಮೊದಲ ದಿನವೇ ಗಿಟಾರಿನ ತಂತಿ ಎಲ್ಲ ಬಿಚ್ಚಿ, ಕೈ ಹಾಕಿ ಅಕ್ಷತೆ ಕಾಳುಗಳನ್ನು ಹೊರಗೆ ತೆಗೆದು, ಹೊಸ ತಂತಿ ಕಟ್ಟಿದರು. ಎದೆಗೆ ಆನಿಸಿಕೊಂಡು ಕೂರುವುದನ್ನು ಕಲಿಸಿದರು.

“ನಿನ್ನ ಬೆರಳು ಯಾಕೆ ಜಾರ್ತದೆ ಮೋಳೆ? ಇಲ್ಲಿ ಜಾರಬಾರದು. ಒತ್ತಿ ನಿಲ್ಲಬೇಕು.”

ವಿಷಯ ಹೇಳಿದೆ. ಅವರು ನಗಲಿಲ್ಲ. “ಹಳೇದನ್ನ ಒಂದ್ಸಲ ನುಡಿಸು, ನೋಡುವಾ” ಎಂದರು. ಮರೆತುಹೋಗಿದೆ ಎಂದೆ. ಸುಳ್ಳು. ಬೆರಳುಗಳಿಗೆ ಎಲ್ಲ ನೆನಪಿತ್ತು. ಜಾರುವುದನ್ನು ಬಿಡಿಸಲು ಆರು ತಿಂಗಳು ಬೇಕಾಯಿತು.

ಕಲಿತೆ. ಚೆನ್ನಾಗಿಯೇ ಕಲಿತೆ. ಡಿಗ್ರಿ ಮುಗಿದು ಕೊಪ್ಪದಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆದೆ. ಮಕ್ಕಳ ಹಾಡಿಗೆ ಗಿಟಾರ್ ನುಡಿಸಿದರೆ ಊರವರು ಬೆರಗಾಗಿ ನೋಡುತ್ತಿದ್ದರು. ಅತ್ತೆಯ ಮನೆಗೂ ಹೋಗಿಬರುತ್ತಿದ್ದೆ, ಹಬ್ಬಕ್ಕೆ, ಮಾವನ ತಿಥಿಗೆ, ಶೃಂಗೇರಿಯಲ್ಲಿ ಯಾರದಾದರೂ ಮದುವೆ ಇದ್ದರೆ. ಗಿಟಾರ್ ಮಾತ್ರ ಒಯ್ಯುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ತಪ್ಪಾಯಿತು ಎಂದು ಹೇಳುವ ರೂಢಿ ಇಲ್ಲ. ಊಟ ಆಯ್ತಾ, ಬಸ್ಸು ಸಿಕ್ತಾ, ಅಪ್ಪನ ಸೊಂಟನೋವು ಹ್ಯಾಗಿದೆ, ಇವುಗಳ ಅಡಿಯಲ್ಲೇ ಎಲ್ಲ ಮುಚ್ಚಿಹೋಗಬೇಕು. ಅತ್ತೆ ಮೊದಲಿನ ಹಾಗೇ ಬಡಿಸುತ್ತಿದ್ದರು, ಮೊದಲಿನ ಹಾಗೇ ಬಸ್ಸಿಗೆ ಕಳಿಸುತ್ತಿದ್ದರು. ಪಾಠಕ್ಕೆ ಬರುವ ಮಕ್ಕಳು ಮಾತ್ರ ಕಮ್ಮಿಯಾಗುತ್ತ ಬಂದು, ಒಂದು ದಿನ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದ್ದು ಕಂಡೆ. ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಆ ಓಣಿಯ ಹೆಂಗಸೊಬ್ಬರು ಬಸ್ಸಿನಲ್ಲಿ ಸಿಕ್ಕಿದಾಗ ತಾವಾಗಿಯೇ ಹೇಳಿದರು: “ಯಾರೇ ಹೊಸಬ್ರು ಬಂದ್ರೂ ನಂಗೆ ಸರಿಯಾಗಿ ಬರೋದಿಲ್ಲ, ಬೇರೆ ಕಡೆ ಕಲೀರಿ ಅಂತಾರೆ ನಿನ್ನತ್ತೆ, ಮಾರಾಯ್ತಿ. ಅವರಿಗೆ ಬರೋದಿಲ್ವಾ? ಇದೆಂತ ಹೊಸ ವಿನಯವೋ.”

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಎರಡು ಸಾವಿರದ ಎಂಟರ ಹೊತ್ತಿಗೆ ಒಂದು ಭಾನುವಾರ ಮೇಷ್ಟ್ರ ಮನೆಗೆ ಹೋದಾಗ ಅವರು ಒಂದು ಸಿ.ಡಿ. ಹಾಕಿಕೊಂಡು ಕೂತಿದ್ದರು. ಯಾರೋ ದೂರದ ದೇಶದವರು ಗಿಟಾರ್ ನುಡಿಸಿದ್ದು. ಬಾಗಿಲ ಹತ್ತಿರವೇ ನನ್ನ ಕಾಲು ನಿಂತಿತು. ಮುಟ್ಟದೆ ಬಿಟ್ಟ ತಂತಿಗಳು ಅಡಿಯಲ್ಲಿ ಗುಂಯ್‌ಗುಡುತ್ತಿದ್ದವು, ಒಂದು ತಂತಿ ಅವುಗಳ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಅತ್ತೆಯ ಕೋಣೆಯದೇ ಸದ್ದು.

“ಇವರು ತಂತಿಯನ್ನ ಬೇರೆ ಥರ ಶ್ರುತಿ ಮಾಡ್ಕೋತಾರೆ ಮೋಳೆ. ಬೇಕು ಅಂತಲೇ. ಹಾಗೆ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಅದು ತಪ್ಪೇನಲ್ಲ.”

ಅದು ತಪ್ಪೇನಲ್ಲ. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ತಲೆನೋವು ಎಂದು ಹೇಳಿ ಮುಂದಿನ ಬಸ್ಸಿಗೇ ಮನೆಗೆ ಬಂದುಬಿಟ್ಟೆ. ಕೋಣೆಯ ಬಾಗಿಲು ಹಾಕಿಕೊಂಡು ತಂತಿಗಳನ್ನು ಸಡಿಲಿಸಿ ಸ ಪ ಸ ಪ ಪ ಸ ಕೂರಿಸಿದೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಆ ಗೀತೆ ಶುರು ಮಾಡಿದೆ. ನಾಲ್ಕು ಸಾಲು ಬಂತು. ಐದನೆಯದಕ್ಕೆ ಬೆರಳು ತಡವರಿಸಿತು, ನಿಂತಿತು. ಅಲ್ಲಿ ಯಾವಾಗಲೂ ಅತ್ತೆಯ ವೀಣೆ ಬಂದು ತುಂಬಿಕೊಡುತ್ತಿತ್ತು. ಈಗ ಏನೂ ಬರಲಿಲ್ಲ. ಮತ್ತೆ ಮೊದಲಿನಿಂದ ಹಿಡಿದೆ, ಮತ್ತೆ ಅಲ್ಲೇ ನಿಂತೆ. ನನಗೆ ಅತ್ತೆ ಬೇಕಿತ್ತು. ಅವರ “ಇನ್ನೊಂದ್ಸಲ” ಬೇಕಿತ್ತು. ಆ ಕೋಣೆಯಲ್ಲಿ ಇನ್ನೊಮ್ಮೆ, ಒಂದೇ ಒಂದು ಸಲ, ಅವರ ಜೊತೆ ಆ ಗೀತೆ ಕೊನೆಯವರೆಗೆ ನುಡಿಸಬೇಕಿತ್ತು. ಆ ಶ್ರುತಿ ತಪ್ಪಲ್ಲ, ನಿಮ್ಮದೇನೂ ತಪ್ಪಲ್ಲ ಎಂದು ಬಾಯಿ ಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಿತ್ತು. ನುಡಿಸಿದರೆ ಅವರಿಗೇ ಗೊತ್ತಾಗುತ್ತದೆ ಎಂದುಕೊಂಡೆ. ತಂತಿಗಳನ್ನು ಪೂರ್ತಿ ಸಡಿಲಿಸಿದೆ. ಅತ್ತೆಯೇ ಮೊದಲಿನ ಹಾಗೆ ಶ್ರುತಿ ಮಾಡಲಿ ಎಂದು ಹಾಗೇ ಚೀಲಕ್ಕೆ ಹಾಕಿದೆ.

ಮುಂದಿನ ಶನಿವಾರ ನಾಲ್ಕು ವರ್ಷದ ಮೇಲೆ ಮೊದಲ ಸಲ ಗಿಟಾರ್ ಹೊತ್ತು ಶೃಂಗೇರಿಯಲ್ಲಿ ಇಳಿದೆ. ಅತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ನನ್ನ ಮುಖ ನೋಡಲಿಲ್ಲ. ಹೆಗಲ ಮೇಲಿನ ಚೀಲ ನೋಡಿದರು. ಹತ್ತಿ, ಬತ್ತಿ ಎಲ್ಲ ಅಲ್ಲೇ ಬಿಟ್ಟು ಎದ್ದರು.

“ತಂದ್ಯಾ? ಕೊಡಿಲ್ಲಿ.”

ನಾನು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದ ಮಾತು ಒಂದೂ ಬೇಕಾಗಲಿಲ್ಲ. ಅತ್ತೆ ಚಾಪೆ ಬಿಡಿಸಿ ಹಾಸಿ, ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡರು. ಕೈ ಮೊದಲಿಗಿಂತ ಸಣ್ಣಗಾಗಿತ್ತು. ದಪ್ಪ ತಂತಿ ಮೀಟಿ, ಬಿರಡೆ ತಿರುಗಿಸಿ, ಕಣ್ಣು ಮುಚ್ಚಿ ಷಡ್ಜಕ್ಕೆ ತಂದರು. ನನ್ನ ಮೈಯೆಲ್ಲ ಕಿವಿಯಾಗಿ ಎರಡನೆಯ ತಂತಿಯ ಪಂಚಮಕ್ಕೆ ಕಾಯುತ್ತಿತ್ತು.

ಪಂಚಮ ಬರಲಿಲ್ಲ. ಅತ್ತೆ ಆ ತಂತಿಯನ್ನು ಮಧ್ಯಮಕ್ಕೆ ನಿಲ್ಲಿಸಿದರು. ಮೂರನೆಯದನ್ನು ನಿಷಾದಕ್ಕೆ. ಆಮೇಲೆ ಗಾಂಧಾರ, ಪಂಚಮ, ಷಡ್ಜ. ಒಂದೊಂದನ್ನೂ ಸಣ್ಣ ದನಿಯಲ್ಲಿ ಹಾಡಿಕೊಂಡು, ಸ ಮ ನಿ ಗ ಪ ಸ ಎಂದು ಆರೂ ತಂತಿ ಮುಗಿಸಿ ತಲೆ ಎತ್ತಿದರು. ಮೇಷ್ಟ್ರು ನನಗೆ ಕಲಿಸಿದ್ದೂ ಅದೇ, ಬಾಳಗಡಿಯ ಆ ಪುಸ್ತಕದಲ್ಲಿದ್ದದ್ದೂ ಅದೇ, ಲೋಕದಲ್ಲಿ ಗಿಟಾರ್ ಹಿಡಿದವರೆಲ್ಲ ಮೊದಲು ಕಲಿಯುವುದೂ ಅದೇ. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

“ಎಂತ ಹಾಗೆ ನೋಡ್ತೀಯ? ಸರಿ ಉಂಟಾ ಇಲ್ವಾ ಹೇಳು.”

“ಅತ್ತೆ, ನಿಮಗೆ ಇದು…”

“ಎನ್.ಆರ್. ಪುರಕ್ಕೆ ಹೋಗಿದ್ದೆ. ನಿನ್ನ ಮೇಷ್ಟ್ರ ಹತ್ರ. ನೀನು ಅಲ್ಲಿಗೆ ಹೋಗೋಕೆ ಶುರು ಮಾಡಿದೀಯ ಅಂತ ನಿಮ್ಮಪ್ಪ ಹೇಳಿದ್ದ. ಕೊಪ್ಪದಲ್ಲಿ ಬಸ್ ಬದಲಾಯಿಸುವಾಗ ಅವನ ಕಣ್ಣಿಗೆ ಬಿದ್ರೆ ಕಷ್ಟ ಅಂತ ಲಾಡ್ಜಿಗೆ ಬೆನ್ನು ಹಾಕಿ, ತಲೆ ತುಂಬ ಸೆರಗು ಹೊದ್ದು ಕೂತಿದ್ದೆ.” ಅತ್ತೆ ನಕ್ಕರು. “ಒಳ್ಳೇ ಮನುಷ್ಯ ಮಾರಾಯ್ತಿ. ಒಂದೊಂದೇ ತಂತಿ ಮೀಟಿ ತೋರ್ಸಿದ್ರು. ಸ್ವರ ಹಾಕ್ಕೊಂಡು ಬಾಯಿಪಾಠ ಮಾಡ್ಕೊಂಡು ಬಂದೆ. ನಿಂಗೆ ಹೇಳ್ಬೇಡಿ ಅಂದಿದ್ದೆ. ಹೇಳ್ಲಿಲ್ಲ ಅಲ್ವಾ?”

“ಇಲ್ಲ. ಯಾವಾಗ ಹೋಗಿದ್ರಿ?”

“ಅದೇ, ಆ ನವರಾತ್ರಿ ಕಳೆದು ಮುಂದಿನ ತಿಂಗಳೇ. ನೀನು ಯಾವತ್ತಾದ್ರೂ ಗಿಟಾರ್ ತರ್ತೀಯ, ಆಗ ತಪ್ಪಾಗ್ಬಾರ್ದು ಅಂತ. ನೀನು ಬಂದಾಗೆಲ್ಲ ಬರೀ ಕೈಯಲ್ಲಿ ಬರ್ತಿದ್ದೆ. ಮರೆತುಹೋಗ್ಬಾರ್ದು ಅಂತ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದ್ಸಲ ಹೇಳ್ಕೋತಿದ್ದೆ.”

ನಾಲ್ಕು ವರ್ಷ. ದಿನಾ ಸಂಜೆ. ನಾನು ಏನು ಹೇಳಬೇಕಿತ್ತು? ಹಳೆಯದೇ ಬೇಕು ಅತ್ತೆ, ಇದನ್ನು ಬಿಚ್ಚಿ ಎಂದೇ? ಅದಕ್ಕಾಗಿಯೇ ಬಂದಿದ್ದೆ. ಅವರು ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುವವರ ಹಾಗೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

“ಸರಿ ಉಂಟು ಅತ್ತೆ. ಪೂರ್ತಿ ಸರಿ ಉಂಟು.”

“ಇನ್ನು ಯಾರೂ ನಗೋದಿಲ್ಲ ಅಲ್ವಾ?”

“ಇಲ್ಲ.”

“ಹಾಗಾದ್ರೆ ನುಡಿಸು, ಕೇಳ್ತೆ.”

“ನೀವೂ ವೀಣೆ ತಗೊಳ್ಳಿ. ಇಬ್ರೂ ನುಡಿಸುವಾ.”

ಅತ್ತೆ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ತೊಡೆಗೆ ಕೊಟ್ಟರು.

“ಇದರ ಜೊತೆಗೆ ನಾನೆಂತ ನುಡಿಸ್ಲಿ ಮಾರಾಯ್ತಿ? ನಂಗೆ ಶ್ರುತಿ ಮಾಡೋದಷ್ಟೇ ಕಲ್ಯಕ್ಕೆ ಆಗಿದ್ದು.”

ಅವರು ಚಾಪೆಯಿಂದ ಎದ್ದು, ಗೋಡೆಯ ಪಕ್ಕ, ಪಾಠಕ್ಕೆ ಬರುವ ಮಕ್ಕಳ ತಾಯಂದಿರು ಕೂರುತ್ತಿದ್ದ ಜಾಗಕ್ಕೆ ಹೋಗಿ ಕೂತರು. ಸೆರಗು ಹೊದ್ದು, ಕೈ ಮಡಿಲಲ್ಲಿಟ್ಟುಕೊಂಡರು. ನಾನು ಮೇಷ್ಟ್ರು ಕಲಿಸಿದ್ದನ್ನು ಒಂದೂ ತಪ್ಪಿಲ್ಲದೆ ಕೊನೆಯವರೆಗೂ ನುಡಿಸಿದೆ. ಎಲ್ಲಾದರೂ ಒಂದು ಕಡೆ ತಪ್ಪಿದ್ದರೆ ಅವರು “ಇನ್ನೊಂದ್ಸಲ” ಎನ್ನುತ್ತಿದ್ದರೋ ಏನೋ.